ಇಂಜಿನ್ ಬಿಚ್ಚೋದಕ್ಕಿಂತ ಮೊದಲು

ನಮ್ಮ ಜತ್ತ ತಾಲೂಕಿನಾಗ ಹಳೇ ಗಾಡಿಗೆ ಒಂದೇ ಜಡ್ಡು, ಒಂದೇ ಔಷಧ. ಗಾಡಿ ಏರು ಹತ್ತಲಿಲ್ಲ ಅಂದ್ರ ಬೋರ್ ಹೋಗೇದ. ಡೀಸೆಲ್ ಜಾಸ್ತಿ ಕುಡದ್ರ ಬೋರ್ ಹೋಗೇದ. ಇಂಜಿನ್ ಇಳಸು, ಲೈನರ್-ಪಿಸ್ಟನ್ ಹಾಕಸು. ಈ ಮಾತು ಹೇಳೋರು ಎಷ್ಟೋ ಸಲ ಬಾನೆಟ್ ಸಹ ಎತ್ತಿರೋದಿಲ್ಲ. ಕಟ್ಟಿ ಮ್ಯಾಲ ಕುಂತು ಚಹಾ ಕುಡಕೋತ ತೀರ್ಪು ಕೊಡತಾರ. ನಾವು ತಲಿ ಅಲ್ಲಾಡಸಿ, ಸಾಲ ತಗದು ರೊಕ್ಕ ಎಣಸತೇವಿ. ಒಂದು ಹಂಗಾಮಿನ ಗಳಿಕಿ ಗ್ಯಾರೇಜಿನಾಗ ಹೋಗತದ. ಇದು ನಿಲ್ಲಬೇಕು ಅಂತ ಹೇಳಲಿಕ್ಕೇ ನಾನು ಬರಿಯಾಕ ಕುಂತೇನಿ.

ನಾನು ಏಳನೆಯತ್ತೆ ಕಲಿತ ರೈತ. ಹಗಲಿ ಹೊಲ, ರಾತ್ರಿ ಭಜನಿ ಹಾಡು. ಮನಿ ಮುಂದ ಹಳೇ ಟಾಟಾ 407 ಅದ. ಒಣದ್ರಾಕ್ಷಿ ಹೇರಕೊಂಡು ತಾಸಗಾವಿಗೆ, ದಾಳಿಂಬ್ರಿ ಹೇರಕೊಂಡು ಸಾಂಗ್ಲಿಗೆ ಹೋಗತದ. ಏಕತಾರಿ ಸುರ ತಪ್ಪಿದ್ರ ನಾವು ಮೊದಲ ತಂತಿ ಬಿಗಿ ನೋಡತೇವಿ, ಬುರುಡಿ ಒಡಿಯೋದಿಲ್ಲ. ಗಾಡಿಗೆ ಮಾತ್ರ ಯಾಕ ಮೊದಲ ಬುರುಡಿ ಒಡೀತೇವಿ?

ಮೊದಲನೇ ಮಾತು, ಅಳತಿ ಇಲ್ಲದ ದೂರು ದೂರಲ್ಲ. "ಎವರೇಜ್ ಬೀಳತದ" ಅಂತಾರ. ಎಷ್ಟು ಬಿದ್ದದ ಅಂದ್ರ ಆಕಾಶ ನೋಡತಾರ. ಟಾಕಿ ತುಂಬಿಸಿ ಕಿಲೋಮೀಟರ್ ಬರಕೋರಿ. ಎರಡು ಮೂರು ಖೇಪು ಆದ ಮ್ಯಾಲ ಅದೇ ಪಂಪಿನಾಗ ಮತ್ತ ಪೂರಾ ತುಂಬಸ್ರಿ. ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಸ್ರಿ. 320 ಕಿಲೋಮೀಟರಿಗೆ 32 ಲೀಟರ್ ಆದ್ರ 10. ಅಷ್ಟೇ ದಾರಿಗೆ 40 ಲೀಟರ್ ಹಿಡದ್ರ 8. "ಎರಡೇ ಕಡಿಮಿ" ಅಂತ ಸುಮ್ಮನಾಗಬ್ಯಾಡ್ರಿ. 8 ಲೀಟರ್ ಹೆಚ್ಚು ಸುಟ್ಟದ, ಅಂದ್ರ ಮೊದಲಿನಕಿಂತ ಕಾಲು ಪಾಲು ಹೆಚ್ಚು. ಹೇರು ಸಹ ಬರದು ಇಡಬೇಕು. ಹೇರು ದುಪ್ಪಟ್ಟು ಮಾಡಿ ಇಂಜಿನ್ನಿಗೆ ಬೈದ್ರ ಅದು ನ್ಯಾಯ ಅಲ್ಲ.

ಎರಡನೇದು, ಇಂಜಿನ್ ಅಪರಾಧಿ ಅಂತ ಹೇಳೋ ಮೊದಲ ಚಕ್ರ ನೋಡ್ರಿ. ನಮ್ಮ ಗಾಡಿಗೂ ಬೋರಿನ ತೀರ್ಪು ಬಂದಿತ್ತು. ನಾನು ಒಪ್ಪಲಿಲ್ಲ. ಮುಂದಿನ ಚಕ್ರಕ್ಕ ಕಲ್ಲು ಇಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ಹಿಂದಿನ ಚಕ್ರ ಜಾಕ್ ಮ್ಯಾಲ ಎತ್ತಿ ಕೈಲೆ ತಿರುವಿದ್ರ ತಿರುಗಲೇ ಇಲ್ಲ. ಬ್ರೇಕ್ ಹಿಡಕೊಂಡು ಕುಂತಿತ್ತು. ಕಾಲಿಗೆ ಹಗ್ಗ ಕಟ್ಟಿದ ಎತ್ತಿಗೆ "ಇದರ ಎದಿಗುಂಡಿಗಿ ಹೋಗೇದ" ಅಂದಂಗಾತು. ಏರ್ ಫಿಲ್ಟರ್ ತಗದು ಬಡದ್ರ ಬೊಗಸಿ ತುಂಬ ಧೂಳು. ಬ್ರೇಕ್ ಬಿಡಿಸಿ, ಫಿಲ್ಟರ್ ಹೊಸಾದು ಹಾಕಿದ ಮ್ಯಾಲ ಗಾಡಿ ಅದೇ ಏರು ಅದೇ ಹೇರಿನಾಗ ಹತ್ತತು. ಲೈನರ್ ಮುಟ್ಟಲಿಲ್ಲ. ಟಾಯರಿನಾಗ ಹವಾ ಕಡಿಮಿ ಇದ್ರೂ ಡೀಸೆಲ್ ಸುಡತದ. ಇಂಜಿನ್ ಕೂಗತದ, ಗಾಡಿ ಓಡವಲ್ಲದು, ಸುಟ್ಟ ವಾಸನಿ ಬರತದ ಅಂದ್ರ ಕ್ಲಚ್ ಜಾರಾಕತ್ತದ. ಇದರಾಗ ಬೋರಿನ ಪಾತ್ರ ಏನದ?

ಮೂರನೇದು ಹೊಗಿ. ಹೊಗಿ ಸುಳ್ಳು ಹೇಳೋದು ಕಡಿಮಿ. ಕರೀ ಹೊಗಿ ಅಂದ್ರ ಡೀಸೆಲ್ ಹೆಚ್ಚು, ಗಾಳಿ ಕಡಿಮಿ: ಏರ್ ಫಿಲ್ಟರ್ ಕಟ್ಟೇದ, ನಾಜಲ್ ಸೋರತದ, ಇಲ್ಲಾ ಪಂಪಿನ ಸ್ಕ್ರೂ ಯಾರೋ ತಿರುವ್ಯಾರ. ಟರ್ಬೋ ಇದ್ದ ಗಾಡಿಗೆ ಗಾಳಿ ಪೈಪ್ ಸೀಳಿರಬಹುದು. ನೀಲಿ ಹೊಗಿ ಅಂದ್ರ ಆಯಿಲ್ ಸುಡತದ. ಇಂಜಿನ್ ಕಾದ ಮ್ಯಾಲೂ ಬಿಳೀ ಹೊಗಿ ನಿಲ್ಲಲಿಲ್ಲಂದ್ರ ಡೀಸೆಲ್ ಪೂರಾ ಸುಡವಲ್ಲದು. ರೇಡಿಯೇಟರಿನ ನೀರು ಸಹ ಇಳೀತಿದ್ರ ಹೆಡ್ ಗ್ಯಾಸ್ಕೆಟ್ ನೋಡಬೇಕು. ಹೊಗೀನೂ ಇಲ್ಲ, ಜೋರೂ ಇಲ್ಲ ಅಂದ್ರ ಇಂಜಿನ್ನಿಗೆ ಡೀಸೆಲ್ ಮುಟ್ಟವಲ್ಲದು: ಡೀಸೆಲ್ ಫಿಲ್ಟರ್, ಟಾಕಿಯೊಳಗಿನ ಜಾಳಿಗಿ, ಪೈಪಿನಾಗ ಸೇರಿದ ಹವಾ ನೋಡ್ರಿ. ಒಬ್ಬರು ಎಕ್ಸಲೇಟರ್ ಪೂರಾ ತುಳದು ಹಿಡೀರಿ, ಇನ್ನೊಬ್ಬರು ಪಂಪಿನ ಲಿವರ್ ಕಡೀತನಕ ಹೋಗತದೋ ಇಲ್ಲೋ ನೋಡ್ರಿ. ತಂತಿ ಸಡಿಲಾಗಿ ಲಿವರ್ ಅರ್ಧಕ್ಕೇ ನಿಂತ್ರ ಅದಕ್ಕೂ ಬೋರ್ ಹೋಗೇದ ಅನ್ನೋದಾ?

ನನಗ ಎಲ್ಲಕಿಂತ ಸಿಟ್ಟು ತರಸೋವು ಎರಡು ಕೆಲಸ. ಒಂದು, ಪಿಕಪ್ ಬರಲಿ ಅಂತ ಪಂಪಿನ ಸ್ಕ್ರೂ ತಿರುವಿ ಡೀಸೆಲ್ ಹೆಚ್ಚು ಬಿಡೋದು. ನಾಕು ದಿನ ಗಾಡಿ ಹಾರತದ, ಮಾಲಕ ಖುಷಿ. ಆಮ್ಯಾಲ ಕರೀ ಹೊಗಿ, ಕಾವು ಹೆಚ್ಚು, ಕಡೀಕ ಪಿಸ್ಟನ್ ಸುಡತದ. ಇನ್ನೊಂದು, ಇಂಜಿನ್ ಕಾಯತದ ಅಂತ ಥರ್ಮೋಸ್ಟಾಟ್ ಕಿತ್ತಿ ಒಗಿಯೋದು. ಇಂಜಿನ್ ಹದಕ್ಕ ಬರೂದೇ ಇಲ್ಲ. ತಣ್ಣನ ಇಂಜಿನ್ ಡೀಸೆಲ್ ಹೆಚ್ಚು ಕುಡೀತದ, ಲೈನರನ್ನೂ ಲಗೂ ಸವಸತದ. ಹಿಂಗ ಬೋರ್ ಹೋಗದ ಗಾಡಿಗೆ ಬೋರ್ ಹೋಗೂವಂಗ ನಾವೇ ಮಾಡತೇವಿ.

ಬೋರ್ ಎಂದೂ ಹೋಗೋದಿಲ್ಲ ಅಂತ ನಾನು ವಾದಿಸೋದಿಲ್ಲ. ಹೋಗತದ. ಆದ್ರ ಸಾಕ್ಷಿ ಬೇಕು. ಚಾಲೂ ಇಂಜಿನ್ನಿನ ಆಯಿಲ್ ಟೋಪಿ ಸಡಿಲಿಸಿದ್ರ ಭಸಾ ಭಸಾ ಹೊಗಿ ಉಗುಳತದ, ನೀಲಿ ಹೊಗಿ ಬರತದ, ಆಯಿಲ್ ಇಳೀತದ, ಕಂಪ್ರೆಶನ್ ಮೀಟರ್ ಹಚ್ಚಿದ್ರ ನಾಲ್ಕೂ ಸಿಲಿಂಡರಿನ ಅಂಕಿ ಬಿದ್ದಾವ ಅಂದ್ರ ಆಗ ಲೈನರಿನ ಮಾತು ಆಡ್ರಿ. ಒಂದೇ ಸಿಲಿಂಡರಿನಾಗ ಬಿದ್ದಿದ್ರ ಮೊದಲ ಟ್ಯಾಪೆಟ್ ಸಂದು, ವಾಲ್ವ್, ಗ್ಯಾಸ್ಕೆಟ್ ನೋಡ್ರಿ.

ಮಿಸ್ತ್ರಿಗಳು ನನ್ನ ಮ್ಯಾಲ ಸಿಟ್ಟಾಗತಾರ. ಆಗಲಿ. ಅವರದೂ ಒಂದು ನ್ಯಾಯ ಅದ, ಅದನ್ನ ನಾನೇ ಹೇಳತೇನಿ. ಒಬ್ಬ ಮಿಸ್ತ್ರಿ ಎರಡು ತಾಸು ಕುಂತು ಬ್ಯಾನಿ ಹುಡುಕಿ, "ಪೈಪಿನ ಕ್ಲಿಪ್ ಸಡಿಲಾಗಿತ್ತು, ಬಿಗಿ ಮಾಡೇನಿ" ಅಂದ್ರ ನಾವು ಏನು ಕೊಡತೇವಿ? "ಕ್ಲಿಪ್ಪಿಗೆ ಏನು ರೊಕ್ಕ?" ಅಂತ ಚಹಾ ಕುಡಿಸಿ ಕಳಸತೇವಿ. ಅದೇ ಮನುಷ್ಯ ಇಂಜಿನ್ ಬಿಚ್ಚಿ ನೆಲಕ್ಕ ಹಾಕಿದ್ರ ಸುಮ್ಮನ ನೋಟು ಎಣಸತೇವಿ. ಸಾಮಾನಿಗೆ ಬೆಲಿ ಕೊಟ್ಟು ಬುದ್ಧಿಗೆ ಬೆಲಿ ಕೊಡದ ಊರಾಗ ಮಿಸ್ತ್ರಿ ಸಾಮಾನೇ ಮಾರತಾನ. ಹುಡುಕೋ ಕೆಲಸಕ್ಕ ಕೂಲಿ ಕೊಡೋದು ನಾವು ಕಲೀಬೇಕು.

ಶಾಲಿ ಗುರುಗಳಿಗೂ ಒಂದು ಮಾತು. ನಮ್ಮ ಕನ್ನಡ ಶಾಲಿಯ ಎಷ್ಟೋ ಹುಡುಗರು ಮುಂದ ಸ್ಟೇರಿಂಗ್ ಹಿಡಿಯೋರು. ಟಾಕಿ ನೀರಿನ ಲೆಕ್ಕ ಮಾಡಸತೀರಿ, ಒಳ್ಳೇದು. ಅದರ ಜೋಡಿ ಡೀಸೆಲ್ ಲೆಕ್ಕನೂ ಫಳಿ ಮ್ಯಾಲ ಬರೀರಿ. ಗಾಡಿ ಮಾಹಿತಿ ಇಂಗ್ಲಿಷಿನಾಗ, ಗ್ಯಾರೇಜಿನ ಮಾತು ಮರಾಠಿಯಾಗ ಇದ್ರ ನಮ್ಮ ಹುಡುಗ ನಡುವ ನಿಂತು ಹೂಂ ಅಂತಾನ. ಕಂಪ್ರೆಶನ್ ಅಂದ್ರ ಏನು, ನಾಜಲ್ ಏನು ಮಾಡತದ ಅನ್ನೋದನ್ನ ಒಂದು ಸಲ ಕನ್ನಡದಾಗ ತಿಳಕೊಂಡವ ಯಾವ ಭಾಷಾದಾಗ ಬೇಕಾದ್ರೂ ಪ್ರಶ್ನೆ ಕೇಳತಾನ.

ಹಿಂಗಾಗಿ ಗಾಡಿ ಇದ್ದ ಮಂದಿಗೆ ನನ್ನ ಬೇಡಿಕಿ ಮೂರೇ. ಎವರೇಜಿನ ಅಂಕಿ, ಹೊಗಿಯ ಬಣ್ಣ, ನಾಲ್ಕೂ ಸಿಲಿಂಡರಿನ ಕಂಪ್ರೆಶನ್. ಈ ಮೂರು ಹಾಳಿ ಮ್ಯಾಲ ಬರಿಯೋತನಕ ಇಂಜಿನ್ನಿನ ಒಂದು ಬೋಲ್ಟ್ ಸಹ ಬಿಚ್ಚಗೊಡಬ್ಯಾಡ್ರಿ.