‘ಮುಗಿಸಿ ಕೊಡ್ರಿ’ ಅಂದರೆ ತಪ್ಪೊಪ್ಪಿಗೆಯಲ್ಲ

ಕನ್ನಡದಲ್ಲಿ ತೀರ್ಪು ಬರೆದ ನ್ಯಾಯಾಧೀಶರ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಆಗಾಗ ಬರುತ್ತದೆ. ನಾವು ಕನ್ನಡ ಎಂ.ಎ. ಮಾಡಿದವರು ಅದನ್ನು ವಾಟ್ಸಾಪ್ ಗುಂಪುಗಳಲ್ಲಿ ಹಂಚಿಕೊಂಡು ಚಪ್ಪಾಳೆಯ ಗುರುತು ಒತ್ತುತ್ತೇವೆ. ಒತ್ತಲಿ, ತಪ್ಪೇನಿಲ್ಲ. ಆದರೆ ಕ್ರಿಮಿನಲ್ ಪ್ರಕರಣದಲ್ಲಿ ತೀರ್ಪು ಬರುವುದು ಕಟ್ಟಕಡೆಗೆ. ಅದಕ್ಕೂ ಬಹಳ ಮೊದಲು, ಕಟಕಟೆಯಲ್ಲಿ ನಿಂತವನಿಗೆ ನ್ಯಾಯಾಲಯ ಒಂದು ಪ್ರಶ್ನೆ ಕೇಳುತ್ತದೆ: ನಿನ್ನ ಮೇಲಿನ ಆರೋಪ ಇದು, ಒಪ್ಪಿಕೊಳ್ಳುತ್ತೀಯೋ, ವಿಚಾರಣೆ ಬೇಕೋ? ಸಣ್ಣಪುಟ್ಟ ಕೇಸುಗಳು ಇಲ್ಲೇ ಮುಗಿಯುತ್ತವೆ. ಸಾಕ್ಷಿ, ವಾದ ಯಾವುದೂ ಅಲ್ಲಿ ಇರುವುದಿಲ್ಲ. ಕನ್ನಡ ಗೆಲ್ಲುವುದೋ ಸೋಲುವುದೋ ಈ ಪ್ರಶ್ನೆಯ ಹತ್ತಿರ. ಅಲ್ಲಿ ಅದು ದಿನವೂ ಸೋಲುತ್ತಿದೆ, ಅದೂ ಅಚ್ಚಗನ್ನಡದಲ್ಲೇ ಸೋಲುತ್ತಿದೆ ಎಂಬುದು ನನ್ನ ತಕರಾರು.

ನನ್ನ ಪಿಎಚ್.ಡಿ. ವಿಷಯ ಆಡಳಿತ ಮತ್ತು ಕಾನೂನಿನ ಕನ್ನಡ. ಅದಕ್ಕಾಗಿ ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಕೋರ್ಟಿನ ಆವರಣದಲ್ಲಿ ಹಲವು ತಿಂಗಳು ಕುಳಿತಿದ್ದೇನೆ. ಮೇಲಿನ ಮಹಡಿಯಲ್ಲಿ ಸೆಷನ್ಸ್ ನ್ಯಾಯಾಲಯ, ಕೆಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳು. ಕೊಲೆ ಮೇಲೆ ನಡೆಯುತ್ತದೆ, ಜೂಜು ಮತ್ತು ಜಗಳ ಕೆಳಗೆ. ಸಂಶೋಧಕರಿಗೆ ಕೊಲೆಯೇ ಇಷ್ಟ. ನಾನು ಹೆಚ್ಚು ಹೊತ್ತು ಕಳೆದದ್ದು ಕೆಳಗೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ, ಯಾಕೆಂದರೆ ಕಾನೂನು ನಾವು ಅಂದುಕೊಂಡಷ್ಟು ಕಿವುಡಾಗಿಲ್ಲ. ಪೊಲೀಸರು ಸಲ್ಲಿಸುವ ಚಾರ್ಜ್‌ಶೀಟ್ ಬೇರೆ, ನ್ಯಾಯಾಧೀಶರು ನಿಗದಿ ಮಾಡುವ ಚಾರ್ಜ್ ಬೇರೆ. ನಮ್ಮ ಪತ್ರಿಕೆಗಳು ಎರಡನ್ನೂ ‘ದೋಷಾರೋಪಣೆ’ ಎಂಬ ಒಂದೇ ಚೀಲಕ್ಕೆ ತುಂಬಿ ಓದುಗರನ್ನು ಗೊಂದಲಗೊಳಿಸಿವೆ. ಮೊದಲನೆಯದು ಪೊಲೀಸರ ಅಭಿಪ್ರಾಯ. ಎರಡನೆಯದು, ಈ ಮನುಷ್ಯ ವಿಚಾರಣೆ ಎದುರಿಸಬೇಕು ಎಂದು ನ್ಯಾಯಾಲಯವೇ ಮನಸ್ಸಿಟ್ಟು ಮಾಡಬೇಕಾದ ತೀರ್ಮಾನ. ಆ ಚಾರ್ಜನ್ನು ಆರೋಪಿಗೆ ಓದಿ ಹೇಳಬೇಕು, ವಿವರಿಸಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 228 ಮತ್ತು 240ರಲ್ಲಿ ಇದು ಇತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 251 ಮತ್ತು 263ರಲ್ಲಿಯೂ ಇದೆ. ಓದುವುದು, ವಿವರಿಸುವುದು: ಎರಡು ಕ್ರಿಯಾಪದ. ಒಂದೇ ಸಾಕಾಗಿದ್ದರೆ ಕಾನೂನು ಎರಡನ್ನು ಬರೆಯುತ್ತಿರಲಿಲ್ಲ.

ಇನ್ನು ಸಣ್ಣ ಕೇಸುಗಳು, ಅಂದರೆ ಸಮನ್ಸ್ ಪ್ರಕರಣಗಳು. ಇಲ್ಲಿ ವಿಧಿವತ್ತಾದ ಚಾರ್ಜ್ ಬೇಕಿಲ್ಲ, ಆರೋಪದ ವಿವರ ತಿಳಿಸಿದರೆ ಸಾಕು. ಆದರೆ ಆರೋಪಿ ಒಪ್ಪಿಕೊಂಡರೆ ಏನು ಮಾಡಬೇಕು ಎಂಬಲ್ಲಿ ಕಾನೂನು ಒಂದು ಅಚ್ಚರಿಯ ಮಾತು ಹೇಳುತ್ತದೆ. ಹಳೆಯ ಕಲಂ 252, ಹೊಸ ಕಲಂ 275. ಮ್ಯಾಜಿಸ್ಟ್ರೇಟರು ಆ ಒಪ್ಪಿಗೆಯನ್ನು ಸಾಧ್ಯವಾದಷ್ಟು ಮಟ್ಟಿಗೆ ಆರೋಪಿ ಬಳಸಿದ ಮಾತುಗಳಲ್ಲೇ ದಾಖಲಿಸಬೇಕು. ಮೊದಲ ಸಲ ಇದನ್ನು ಓದಿದಾಗ ನನಗೆ ಯಾವುದೋ ಜಾನಪದ ಕ್ಷೇತ್ರಕಾರ್ಯದ ಕೈಪಿಡಿ ಓದಿದ ಹಾಗಾಯಿತು. ವಕ್ತೃವಿನ ಮಾತನ್ನು ತಿದ್ದಬೇಡಿ, ಅವರು ಅಂದ ಹಾಗೆಯೇ ಬರೆದುಕೊಳ್ಳಿ ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟದ್ದೂ ಇದನ್ನೇ ಅಲ್ಲವೇ?

ಈಗ ಕೋರ್ಟ್ ಹಾಲಿಗೆ ಬನ್ನಿ. ಅಂದರ್-ಬಾಹರ್ ಕೇಸು. ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಕಲಂ 87, ಸಾರ್ವಜನಿಕ ಸ್ಥಳದಲ್ಲಿ ಜೂಜು. ದಲಾಯತ್ ಹೆಸರು ಕೂಗಿದ ಮೇಲೆ ಐದು ಜನ ಚಪ್ಪಲಿ ಹೊರಗೆ ಬಿಟ್ಟು ಬಂದು ಸಾಲಾಗಿ ಕೈಮುಗಿದು ನಿಂತರು. ಬೆಂಚ್ ಕ್ಲರ್ಕ್ ಒಂದೇ ಉಸಿರಿನಲ್ಲಿ ಓದಿದರು. ಒಪ್ಪಿಕೊಳ್ಳುತ್ತೀರಾ ಎಂಬ ಪ್ರಶ್ನೆ ಬಂತು. ಐವರಲ್ಲಿ ಹಿರಿಯ ಅಂದ: “ಹೌದ್ರೀ ಸಾಹೇಬ್ರ, ಆಡಿದ್ವಿರೀ. ನಮ್ ಹೊಲದಾಗ ಕುಂತಿದ್ವಿ. ಏನೈತಿ ಅದನ್ನ ಮುಗಿಸಿ ಕೊಡ್ರಿ.” ಉಳಿದವರು ತಲೆಯಾಡಿಸಿದರು. ಕಡತದಲ್ಲಿ ಬಂದ ವಾಕ್ಯ: ‘ಆರೋಪಿತರು ತಮ್ಮ ಮೇಲಿನ ಆರೋಪವನ್ನು ಸ್ವಇಚ್ಛೆಯಿಂದ ಒಪ್ಪಿಕೊಂಡಿರುತ್ತಾರೆ.’ ದಂಡ ಕಟ್ಟಿದರು, ರಸೀದಿ ತೆಗೆದುಕೊಂಡರು, ಬಸ್ಸಿಗೆ ಓಡಿದರು. ಎಲ್ಲ ಸೇರಿ ನಾಲ್ಕು ನಿಮಿಷವೂ ಆಗಿರಲಿಲ್ಲ.

ಆ ಮುದುಕ ಅಂದದ್ದನ್ನು ಮತ್ತೊಮ್ಮೆ ಓದಿ. ‘ನಮ್ ಹೊಲದಾಗ ಕುಂತಿದ್ವಿ’ ಎಂಬುದು ಬರಿ ವಿವರವಲ್ಲ, ಅದೇ ಅವನ ಪ್ರತಿವಾದ. ಅಪರಾಧ ಆಗಬೇಕಾದರೆ ಜಾಗ ಸಾರ್ವಜನಿಕವಾಗಿರಬೇಕು. ಸ್ವಂತ ಹೊಲ ಸಾರ್ವಜನಿಕ ಸ್ಥಳವೋ ಅಲ್ಲವೋ ಎಂಬುದು ವಿಚಾರಣೆಯಾಗಬೇಕಾದ ಪ್ರಶ್ನೆ. ಅವನು ತನಗೆ ಗೊತ್ತಿಲ್ಲದೆಯೇ ತನ್ನ ಪರವಾಗಿ ಹೇಳಬಹುದಾದ ಅತ್ಯುತ್ತಮ ವಾಕ್ಯವನ್ನು ಹೇಳಿದ್ದ. ಅವನ ಮಾತು ಇದ್ದ ಹಾಗೆ ಕಾಗದಕ್ಕೆ ಇಳಿದಿದ್ದರೆ ಅದರ ಮೇಲೆ ಶಿಕ್ಷೆ ಕೊಡಲು ಯಾವ ಮ್ಯಾಜಿಸ್ಟ್ರೇಟರ ಪೆನ್ನೂ ಒಂದು ಕ್ಷಣ ತಡೆಯುತ್ತಿತ್ತು. ಇಳಿಯಲಿಲ್ಲ. ‘ಸ್ವಇಚ್ಛೆಯಿಂದ’ ಎಂಬ ಪದ ಇಳಿಯಿತು, ಅದು ಅವನ ಬಾಯಿಂದ ಬಂದದ್ದೇ ಅಲ್ಲ. ಇನ್ನು ‘ಮುಗಿಸಿ ಕೊಡ್ರಿ’. ಉತ್ತರ ಕರ್ನಾಟಕದ ಯಾರನ್ನಾದರೂ ಕೇಳಿ, ಅದು ಒಪ್ಪಿಗೆಯಲ್ಲ. ವಾಯಿದೆಗೆ ಅಲೆದು ಸೋತವನು, ಕೂಲಿ ಕಳೆದುಕೊಂಡವನು ಬಿಡುಗಡೆ ಕೇಳುವ ರೀತಿ ಅದು.

ದಂಡ ಕಟ್ಟಿ ಮನೆಗೆ ಹೋದರಲ್ಲ, ಅದರಲ್ಲಿ ಅಷ್ಟೇನು ನಷ್ಟ ಅಂತ ವಕೀಲ ಗೆಳೆಯರೇ ನನ್ನನ್ನು ಕೇಳಿದ್ದಾರೆ. ಮೊದಲನೆಯದಾಗಿ, ತಪ್ಪೊಪ್ಪಿಗೆಯ ಮೇಲೆ ಮ್ಯಾಜಿಸ್ಟ್ರೇಟರು ಶಿಕ್ಷೆ ವಿಧಿಸಿದರೆ, ಶಿಕ್ಷೆಯ ಪ್ರಮಾಣ ಮತ್ತು ಅದರ ಕಾನೂನುಬದ್ಧತೆಯ ಬಗ್ಗೆ ಬಿಟ್ಟು ಬೇರೆ ಮೇಲ್ಮನವಿ ಇಲ್ಲ. ಹಳೆಯ ಕಲಂ 375, ಹೊಸ 416. ನಾನು ಮಾಡಿಲ್ಲ ಎಂದು ಹೇಳುವ ಬಾಗಿಲು ಆ ‘ಹೌದ್ರೀ’ ಜೊತೆಗೇ ಮುಚ್ಚಿತು. ಇದನ್ನು ಆ ಐವರಿಗೆ ಯಾರೂ ಹೇಳಲಿಲ್ಲ. ಎರಡನೆಯದು ಊರಿನವರಿಗೆಲ್ಲ ಗೊತ್ತಿರುವುದು: ನಾಳೆ ಆ ಸಾಲಿನ ಕೊನೆಯಲ್ಲಿ ನಿಂತಿದ್ದ ಇಪ್ಪತ್ತರ ಹುಡುಗ ಸರ್ಕಾರಿ ಡ್ರೈವರ್ ಕೆಲಸಕ್ಕೋ ಹೋಮ್‌ಗಾರ್ಡಿಗೋ ಅರ್ಜಿ ಹಾಕಿದರೆ ಪೊಲೀಸ್ ವೆರಿಫಿಕೇಶನ್ನಿನಲ್ಲಿ ಸಿಗುವುದು ಅಂದು ದೊಡ್ಡವರ ಜೊತೆ ತಲೆಯಾಡಿಸಿದ್ದೇ.

ಹೊಡೆದಾಟದ ಕೇಸಿನ ಭಾಷೆ ಇನ್ನೊಂದು ಬಗೆ. ‘ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ಜೀವ ಬೆದರಿಕೆ ಹಾಕಿ’ ಎಂಬ ಸಾಲನ್ನು ನಾನು ಎಷ್ಟು ಕಡತಗಳಲ್ಲಿ ಓದಿದ್ದೇನೆಂದರೆ ಈಗ ಅದು ಕಂಠಪಾಠ. ಮೊದಲು 504, 323, 506. ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 352, 115(2), 351. ಸಂಖ್ಯೆ ಬದಲಾಯಿತು, ಸಾಲು ಬದಲಾಗಲಿಲ್ಲ. ಬದುವಿನ ಜಗಳ, ನೀರಿನ ಜಗಳ, ಗಂಡ ಹೆಂಡಿರ ಜಗಳ, ಜಾತಿಯ ಜಗಳ, ಎಲ್ಲಕ್ಕೂ ಇದೇ ಸಾಲು. ಬೈದದ್ದು ಏನು? ಶಾಂತಿಭಂಗಕ್ಕೆ ಪ್ರಚೋದಿಸುವಂಥ ಅವಮಾನ ಎಂಬುದೇ ಇಲ್ಲಿ ಅಪರಾಧ. ಬೈಗುಳವೇ ಗೊತ್ತಿಲ್ಲದೆ ಅದು ಪ್ರಚೋದಿಸಿತೋ ಇಲ್ಲವೋ ಎಂದು ತೂಗುವುದು ಹೇಗೆ? ‘ಅವಾಚ್ಯ’ ಎಂಬ ಸಂಸ್ಕೃತ ಪದ ಬೈದವನನ್ನೂ ಬೈಸಿಕೊಂಡವನನ್ನೂ ಒಟ್ಟಿಗೆ ಮೂಕರನ್ನಾಗಿ ಮಾಡಿದೆ. ಕೋರ್ಟಿನ ಕನ್ನಡಕ್ಕೆ ಬೈಗುಳ ಬರೆಯಲು ಮುಜುಗರ. ಅದೇ ಅಸ್ಪಷ್ಟ ಸಾಲಿನ ಮೇಲೆ ಒಬ್ಬನನ್ನು ವರ್ಷಗಟ್ಟಲೆ ಅಲೆಸಲು ಮಾತ್ರ ಮುಜುಗರವಿಲ್ಲ.

ಪುರುಸೊತ್ತೆಲ್ಲಿ ಎಂಬ ಮಾತು ಬಂದೇ ಬರುತ್ತದೆ. ಸುಳ್ಳಲ್ಲ. ನಾನು ಕುಳಿತ ಹಾಲಿನಲ್ಲಿ ಒಂದು ದಿನದ ಪಟ್ಟಿಯಲ್ಲಿ 80, 90 ಕೇಸುಗಳಿರುತ್ತಿದ್ದವು. ಮ್ಯಾಜಿಸ್ಟ್ರೇಟರು ಮಧ್ಯಾಹ್ನದ ಊಟವನ್ನು ಚೇಂಬರಿನಲ್ಲಿ ಹತ್ತು ನಿಮಿಷಕ್ಕೆ ಮುಗಿಸಿ ಬರುತ್ತಿದ್ದರು. ಅವರನ್ನು ಖಳನಾಯಕರನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಅವಸರಕ್ಕೆ ಬೆಲೆ ತೆರುವವರು ಯಾರು ಎಂದು ಕೇಳಲೇಬೇಕು. ಹೊಸ ಸಂಹಿತೆ ಆರೋಪದ ಕುರಿತ ಮೊದಲ ವಿಚಾರಣೆಯಿಂದ 60 ದಿನದೊಳಗೆ ಚಾರ್ಜ್ ನಿಗದಿ ಮಾಡಬೇಕೆನ್ನುತ್ತದೆ. ಜೈಲಿನಲ್ಲಿರುವವನಿಗೆ ವಿಡಿಯೊ ಮೂಲಕವೇ ಓದಿ ವಿವರಿಸಬಹುದು ಎಂದೂ ಹೇಳುತ್ತದೆ. 2022ರ ಅಂತ್ಯಕ್ಕೆ ದೇಶದ ಕೈದಿಗಳಲ್ಲಿ ಶೇ. 75.8 ಮಂದಿ ವಿಚಾರಣಾಧೀನರು ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಹೇಳಿದೆ. ಹೀಗಿರುವಾಗ ವೇಗವೇ ಬೇಡ ಎನ್ನುವ ಧೈರ್ಯ ಯಾರಿಗಿದೆ? ನನಗೂ ಇಲ್ಲ. ಆದರೆ ತಡಮಾಡುವುದು ಆ ಐದು ನಿಮಿಷದ ವಿವರಣೆಯಲ್ಲ. ಬರದ ಸಾಕ್ಷಿ, ಜಾರಿಯಾಗದ ವಾರಂಟ್, ಖಾಲಿ ಹುದ್ದೆ, ಇವು ವರ್ಷಗಳನ್ನು ತಿನ್ನುತ್ತವೆ. ಉಳಿತಾಯ ಮಾತ್ರ ಆರೋಪಿಯ ಕಿವಿಯಿಂದ.

ಅವಸರ ದೊಡ್ಡ ಕೇಸಿನಲ್ಲಿ ಏನು ಮಾಡುತ್ತದೆ ಎನ್ನುವುದಕ್ಕೆ ಮಧ್ಯಪ್ರದೇಶದ ಖಾಂಡ್ವಾದ ಪ್ರಕರಣವಿದೆ. 2013ರಲ್ಲಿ ಅಲ್ಲಿ ಒಬ್ಬನಿಗೆ ಕಾನೂನು ನೆರವಿನ ವಕೀಲರನ್ನು ನೇಮಿಸಿದ ದಿನವೇ ಚಾರ್ಜ್ ನಿಗದಿಯಾಯಿತು. ಎರಡು ವಾರದೊಳಗೆ ಮರಣದಂಡನೆ. 2019ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ, ಮರಣದಂಡನೆ ಅಥವಾ ಜೀವಾವಧಿ ಸಾಧ್ಯವಿರುವ ಪ್ರಕರಣದಲ್ಲಿ ಕನಿಷ್ಠ 10 ವರ್ಷ ಅನುಭವವಿರುವ ವಕೀಲರನ್ನೇ ನೇಮಿಸಬೇಕು, ಅವರ ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಕೊಡಬೇಕು ಎಂದಿತು. ಆ ಮನುಷ್ಯ 2024ರಲ್ಲಿ ಖುಲಾಸೆಯಾದ. ಗಲ್ಲು ಶಿಕ್ಷೆಯ ಕೇಸಾದ್ದರಿಂದ ದೆಹಲಿಯವರೆಗೆ ಹೋಯಿತು. ಅಂದರ್-ಬಾಹರ್ ಕೇಸು ಬಸ್‌ಸ್ಟ್ಯಾಂಡಿನ ಆಚೆಗೂ ಹೋಗುವುದಿಲ್ಲ.

ಕನ್ನಡದ ಹೋರಾಟಗಾರರ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ. ಅವರು ಇಂಗ್ಲಿಷನ್ನು ಹೊರಗೆ ಹಾಕಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದಾರೆ. ‘ಸದರಿ ಆರೋಪಿತನು ಸಮಾನ ಉದ್ದೇಶದಿಂದ ಸ್ವಇಚ್ಛಾಪೂರ್ವಕವಾಗಿ’ ಎಂಬುದು ಹೊಲದಲ್ಲಿ ಕುಂತವನಿಗೆ ಇಂಗ್ಲಿಷಿಗಿಂತ ಹತ್ತಿರವೇನಲ್ಲ. ಇಂಗ್ಲಿಷಾಗಿದ್ದರೆ ಕನಿಷ್ಠ ‘ತಿಳೀಲಿಲ್ರೀ’ ಅನ್ನುವ ಧೈರ್ಯ ಮಾಡುತ್ತಿದ್ದ. ಕನ್ನಡವಾದ್ದರಿಂದ, ತಿಳಿಯದಿದ್ದರೆ ತನ್ನದೇ ದಡ್ಡತನ ಎಂದುಕೊಂಡು ಹೂಂ ಅನ್ನುತ್ತಾನೆ. ಇಂಗ್ಲಿಷಿನ ಪಕ್ಷದವರು ಖಚಿತತೆಯ ಮಾತಾಡುತ್ತಾರೆ. ಮನುಷ್ಯ ಅಂದದ್ದನ್ನೇ ಬಿಟ್ಟುಬಿಡುವ ಕಡತಕ್ಕೆ ಯಾವ ಭಾಷೆಯ ಖಚಿತತೆ?

ನಾನು ಕೇಳುತ್ತಿರುವುದು ಹೊಸ ಕಾಯ್ದೆಯನ್ನಲ್ಲ. ಒಪ್ಪಿಗೆ ಬರೆದುಕೊಳ್ಳುವ ಮೊದಲು ಮೂರು ಮಾತು, ಆ ಊರಿನ ಮಾತಿನಲ್ಲಿ: ಇಂಥ ದಿನ ಇಂಥ ಜಾಗದಲ್ಲಿ ಇಂಥದ್ದು ಮಾಡಿದಿ ಅಂತಾರೆ. ಒಪ್ಪಿದರೆ ಆಮೇಲೆ ಇಲ್ಲ ಅನ್ನೋಕೆ ಬರೋದಿಲ್ಲ, ಹೆಸರಿನ ಮೇಲೆ ಶಿಕ್ಷೆ ಉಳಿಯುತ್ತದೆ. ಬೇಕಾದರೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಆಮೇಲೆ ಅವನು ಏನಂದನೋ ಅದನ್ನು, ಅವನಂದ ಹಾಗೆ, ಒಂದು ಸಾಲು.

ಕೊನೆಯ ದಿನಗಳಲ್ಲಿ ಗುಮಾಸ್ತರೊಬ್ಬರನ್ನು ಕೇಳಿದೆ: “ಸರ್, ಆ ಸ್ವಇಚ್ಛೆಯ ಸಾಲು ಯಾರು ಬರೆದದ್ದು?” ಅವರು ನಕ್ಕು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಅಚ್ಚು ಮಾಡಿಟ್ಟ ನಮೂನೆಯಲ್ಲಿ ಸಾಲು ಮೊದಲೇ ಇತ್ತು. ತುಂಬಲು ಖಾಲಿ ಬಿಟ್ಟದ್ದು ಕೇಸಿನ ನಂಬರು, ಹೆಸರು ಮತ್ತು ದಂಡದ ಮೊತ್ತಕ್ಕೆ ಮಾತ್ರ. “ನೀವು ಬಂದಾಗಿನಿಂದಲೂ ಇದೇ ಇದೆಯಾ?” ಅಂದೆ. “ನಾನು ಬರೋಕಿಂತ ಮುಂಚೆಯಿಂದ ಐತಿ,” ಅಂದರು.