ಹೊನ್ನು ಹೋದ ಮೇಲೆ ಉಳಿದ ನೀರು

ನಮ್ಮ ಹೊನ್ನೂರಿಗೆ ಹೆಸರಲ್ಲಷ್ಟೇ ಹೊನ್ನು :) ನಿಜವಾದ ಚಿನ್ನ ತೆಗೆದದ್ದು ಕೋಲಾರದ ಕೆಜಿಎಫ್‌ನಲ್ಲಿ. ಆದ್ರೂ ನಂಟು ಇಲ್ಲದಿಲ್ಲ... 1902ರಲ್ಲಿ ಕೊಳ್ಳೇಗಾಲದ ಮಗ್ಗುಲಿನ ಶಿವನಸಮುದ್ರದಿಂದ ಮೊದಲು ಕರೆಂಟು ಹೋಗಿದ್ದು ಆ ಗಣಿಗೇ.

ಅಲ್ಲಿಯ ಬಂಡೆ ಗಟ್ಟಿ, ನೀರು ನಿಲ್ಲೋದು ಬಿರುಕುಗಳಲ್ಲಿ. ಅಂಥ ಬಂಡೆಯನ್ನು 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಕೊರೆದರು. ಒಳಗೆ ಜಿನುಗಿದ ನೀರನ್ನು ಪಂಪಿನಿಂದ ಹೊರಹಾಕುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು, ಪಂಪೂ ನಿಂತಿತು, ಸುರಂಗಗಳಲ್ಲಿ ನೀರು ತುಂಬಿತು. ಬರದ ಜಿಲ್ಲೆಯಲ್ಲಿ ಅಷ್ಟು ನೀರು ಇದೆ ಅಂದ್ರೆ ಯಾರಿಗಾದ್ರೂ ಆಸೆ ಆಗೋದು ಸಹಜ.

ಆದ್ರೆ ಮೇಲೆ ನಿಂತಿರೋದು ಸೈನೈಡ್ ದಿಬ್ಬಗಳು. ಸೈನೈಡ್ ಬಿಸಿಲಿಗೆ ಕ್ರಮೇಣ ಒಡೆದುಹೋಗುತ್ತೆ. ಅದಿರಿನ ಪುಡಿಯಲ್ಲಿರೋ ಲೋಹಗಳು ಹೋಗಲ್ಲ, ಮಳೆನೀರಿನ ಜೊತೆ ಕೆಳಗಿಳಿಯಬಹುದು. 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿದೆ.

ನನ್ನ ವಾದ ಇಷ್ಟೇ: ದಿಬ್ಬ ಕೆದಕುವ ಮೊದಲು ಗಣಿಯೊಳಗಿನ ನೀರು, ಸುತ್ತಲಿನ ಬೋರ್‌ವೆಲ್ ನೀರು ಎರಡನ್ನೂ ಪರೀಕ್ಷಿಸಿ, ಅಂಕಿಗಳನ್ನು ಊರವರ ಮುಂದಿಡಬೇಕು. ಇಲ್ಲದಿದ್ರೆ ನಾಳೆ ನೀರು ಕೆಟ್ಟಾಗ, ಕೆಡುಕು ಹಳೆಯದೋ ಹೊಸದೋ ಅಂತ ಹೇಳೋರು ಯಾರು? ಪ್ರೋಗ್ರಾಮ್ ತಿದ್ದುವ ಮುನ್ನ ಹಳೇ ಪ್ರತಿ ಎತ್ತಿಟ್ಟುಕೊಳ್ತೀವಲ್ಲ, ಹಾಗೇ.

ನೀವೇನಂತೀರಿ?