ಲಿಂಟಲ್ ಮಟ್ಟಕ್ಕೆ ನಿಂತ ಮನೆಗಳು

ಯಾವ ಊರಿನ ಆಶ್ರಯ ಬಡಾವಣೆಗಾದರೂ ಹೋಗಿ ನೋಡಿ. ಸಾಲಿನಲ್ಲಿ ಒಂದೆರಡು ಮನೆಗಳಾದರೂ ಲಿಂಟಲ್ ಮಟ್ಟಕ್ಕೆ ಬಂದು ನಿಂತುಬಿಟ್ಟಿರುತ್ತವೆ. ಗೋಡೆಯ ತಲೆಯ ಮೇಲೆ ತುಕ್ಕು ಹಿಡಿದ ಕಂಬಿ, ಒಳಗೆ ಆಳೆತ್ತರದ ಎಕ್ಕದ ಗಿಡ, ಪಕ್ಕದಲ್ಲೊಂದು ತಗಡಿನ ಶೆಡ್ಡು. ಮನೆಯೊಡತಿ ಸಂಸಾರ ಮಾಡುವುದು ಆ ಶೆಡ್ಡಿನಲ್ಲಿ. ‘ಬಂದ ದುಡ್ಡು ಗಂಡ ಕುಡಿದು ಹಾಳು ಮಾಡಿರಬೇಕು’ ಅಂತ ನಾವು ಸಲೀಸಾಗಿ ಹೇಳಿ ಮುಂದೆ ಹೋಗುತ್ತೇವೆ. ಒಂದು ಸಲ ಲೆಕ್ಕ ಹಾಕಿ ನೋಡಿ.

ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಬಯಲುಸೀಮೆಯ ಹಳ್ಳಿಮನೆಗೆ ಸಿಗುವುದು 1.20 ಲಕ್ಷ ರೂಪಾಯಿ. 2016ರಲ್ಲಿ ಗೊತ್ತುಮಾಡಿದ ಮೊತ್ತ ಅದು. ಸಿಮೆಂಟು, ಕಬ್ಬಿಣ, ಗಾರೆಯವರ ಕೂಲಿ ಅಂದಿನ ದರದಲ್ಲೇ ಉಳಿದಿವೆಯೇ? ಆ ಹಣವೂ ಒಟ್ಟಿಗೆ ಬರುವುದಿಲ್ಲ. ಒಂದು ಹಂತ ಮುಗಿಯಬೇಕು, ಜಿಪಿಎಸ್ ಫೋಟೊ ಅಪ್‌ಲೋಡ್ ಆಗಬೇಕು, ಆಮೇಲೆ ಮುಂದಿನ ಕಂತು. ಅಂದರೆ ಛಾವಣಿಗೆ ಮೊದಲು ಕೈಯಿಂದ ಹಾಕಬೇಕು. ಅಷ್ಟು ಕೈಯಲ್ಲಿದ್ದಿದ್ದರೆ ಆಕೆ ಪಂಚಾಯಿತಿ ಮೆಟ್ಟಿಲು ಯಾಕೆ ಹತ್ತುತ್ತಿದ್ದಳು?

ಫಲಾನುಭವಿಗೆ 70,000 ರೂಪಾಯಿವರೆಗೆ ಸಾಲ ಕೊಡಿಸಬಹುದೆಂದು ಯೋಜನೆಯ ನಿಯಮದಲ್ಲೇ ಬರೆದಿದೆ. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಕೇಳುವುದು ಸಂಬಳದ ಚೀಟಿ, ಜಾಮೀನು. ಕಳೆ ಕೀಳುವವಳಿಗೆ ಸಂಬಳದ ಚೀಟಿ ಯಾರು ಕೊಡುತ್ತಾರೆ? ಕೊನೆಗೆ ಮನೆ ಬಾಗಿಲಿಗೇ ಬರುವ ಮೈಕ್ರೊಫೈನಾನ್ಸ್‌ನವರ ‘ಸಂಘದ ಸಾಲ’ವೇ ಗತಿ. ಶೇ 20 ದಾಟಿದ ಬಡ್ಡಿ, ವಾರ ವಾರ ಕಂತು. ಆ ವಸೂಲಿಯ ಹಾವಳಿ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಒಳ್ಳೆಯದೇ. ಆದರೆ ಸುಗ್ರೀವಾಜ್ಞೆಯಿಂದ ಆರ್‌ಸಿಸಿ ಬೀಳುವುದಿಲ್ಲ.

ಸರ್ಕಾರವನ್ನು ಬೈದು ಮುಗಿಸಬಹುದಿತ್ತು. ಆದರೆ ನನ್ನ ಪ್ರಶ್ನೆ ನಿಮಗೆ. ನೀವು ಯಾವುದಾದರೂ ಪತ್ತಿನ ಸಹಕಾರ ಸಂಘದ ಷೇರುದಾರರಲ್ಲವೇ? ವರ್ಷಕ್ಕೊಮ್ಮೆ ಡಿವಿಡೆಂಡು, ಸ್ಟೀಲ್ ಡಬ್ಬಿ, ಊಟದ ಕೂಪನ್ ಪಡೆಯುವುದಿಲ್ಲವೇ? 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ್ದು ಸಾಹುಕಾರನ ಬಡ್ಡಿಯಿಂದ ರೈತರನ್ನು ಬಿಡಿಸಲು. ಅವರ ಹೆಸರು ಹೇಳಿ ಹಾರ ಹಾಕುವ ನಮ್ಮ ಸಂಘಗಳು ಈಗ ಕಾರಿಗೆ ಸಾಲ ಕೊಡುತ್ತವೆ, ಇದ್ದವರ ಎರಡನೇ ಸೈಟಿಗೆ ಕೊಡುತ್ತವೆ. ಕೂಲಿ ಹೆಂಗಸಿನ ಛಾವಣಿ ಎಂದಾಗ ಮಾತ್ರ ನಿರ್ದೇಶಕರಿಗೆ ಠೇವಣಿದಾರರ ಹಿತ ಜ್ಞಾಪಕಕ್ಕೆ ಬರುತ್ತದೆ.

ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ 1984ರಲ್ಲೇ ಇಂಥವರಿಗೆ ಮನೆಸಾಲ ಶುರುಮಾಡಿತು. ನಾಲ್ಕು ಕಾಂಕ್ರೀಟ್ ಕಂಬ, ತಗಡಿನ ಸೂರು, ಒಂದು ಶೌಚಾಲಯ. ತೀರಿಸುವುದು ಸಣ್ಣ ಸಣ್ಣ ಕಂತಿನಲ್ಲಿ. ಜಾಗ ಹೆಂಗಸಿನ ಹೆಸರಿಗೇ ಇರಬೇಕೆಂಬ ಷರತ್ತು ಹಾಕಿತು. ಗಂಡ ಹೊರಗೆ ಹಾಕುವಂತಿಲ್ಲ ಎಂಬ ಒಂದೇ ಕಾರಣಕ್ಕೆ ನನಗೆ ಆ ಷರತ್ತು ಮೆಚ್ಚುಗೆ. 1989ರಲ್ಲಿ ಆ ಮನೆಗಳಿಗೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿಯೂ ಬಂತು.

ನಮ್ಮ ಸಂಘಗಳು ಅಷ್ಟು ದೂರ ಹೋಗುವುದೂ ಬೇಡ. ಮೊದಲು ಆಕೆಯನ್ನು ಸದಸ್ಯೆಯನ್ನಾಗಿ ಮಾಡಿಕೊಳ್ಳಲಿ. ಸಂಬಳದ ಚೀಟಿಯ ಬದಲು ಸ್ತ್ರೀಶಕ್ತಿ ಸಂಘದ ಉಳಿತಾಯ ಪುಸ್ತಕ ನೋಡಲಿ, ಗುಂಪಿನ ಹೆಂಗಸರ ಹೊಣೆ ಒಪ್ಪಲಿ. ಮುಂದಿನ ಹಂತಕ್ಕೆ ಬೇಕಾದಷ್ಟನ್ನು ಮುಂಗಡ ಕೊಟ್ಟು, ಸರ್ಕಾರದ ಕಂತು ಬಿದ್ದ ಕೂಡಲೇ ಹಿಂದಕ್ಕೆ ಪಡೆಯಲಿ. ಮಿಕ್ಕಿದ್ದನ್ನು ಸುಗ್ಗಿ, ಕೂಲಿ ನೋಡಿಕೊಂಡು ಕಟ್ಟಿಸಿಕೊಳ್ಳಲಿ. ಅದಕ್ಕಾಗಿ ಲಾಭದ ಒಂದು ಪಾಲು ಮೀಸಲಿಡಲಿ. ನಿಮ್ಮ ಡಿವಿಡೆಂಡು ತುಸು ಇಳಿಯುತ್ತದೆ, ಇಳಿಯಲಿ ಬಿಡಿ.

ಸರ್ವಸದಸ್ಯರ ಸಭೆಯ ನೋಟಿಸು ಹೊರಡುವ ಮೊದಲೇ ಈ ಬೇಡಿಕೆಯನ್ನು ಬರೆದುಕೊಡಿ. ಹತ್ತು ಜನರ ಸಹಿ ಹಾಕಿಸಿ. ಇಲ್ಲದಿದ್ದರೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂಬ ಕೊನೇ ಸಾಲಿಗೆ ಅದನ್ನು ತಳ್ಳುತ್ತಾರೆ, ಅಷ್ಟರಲ್ಲಿ ಎಲ್ಲರೂ ಊಟಕ್ಕೆ ಎದ್ದಿರುತ್ತಾರೆ. ‘ಸಾಲ ವಾಪಸ್ ಬರದಿದ್ದರೆ ಯಾರು ಹೊಣೆ?’ ಎಂದು ವೇದಿಕೆಯಿಂದ ಕೇಳುತ್ತಾರೆ. ಆಗ ಸಂಘದ ಸುಸ್ತಿದಾರರ ಪಟ್ಟಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಅದರಲ್ಲಿ ಕಳೆ ಕೀಳುವವರು ಎಷ್ಟು ಮಂದಿ, ಕಾರಿನಲ್ಲಿ ಓಡಾಡುವವರು ಎಷ್ಟು ಮಂದಿ ಎಂದು ಕೇಳಿ.